ಎಲೆಕ್ಟ್ರಾನಿಕ್ ಗ್ರೂಪ್‌ಸೆಟ್ ಆಯ್ಕೆ: ಫ್ರೇಮ್‌ನಿಂದ ಆರಂಭಿಸಿ, ಬ್ರ್ಯಾಂಡ್ ಕೊನೆಗಿರಲಿ

ರೋಡ್ ಬೈಕ್‌ಗೆ ಎಲೆಕ್ಟ್ರಾನಿಕ್ ಗ್ರೂಪ್‌ಸೆಟ್, ಅಂದರೆ ಬ್ಯಾಟರಿಯ ಬಲದಿಂದ ಗೇರ್ ಬದಲಿಸುವ ಗೇರ್ ಮತ್ತು ಬ್ರೇಕ್ ಭಾಗಗಳ ಪೂರ್ತಿ ಸೆಟ್, ಕೊಳ್ಳಹೊರಟವರು ಬಹುತೇಕ ಒಂದೇ ಜಾಗದಲ್ಲಿ ಎಡವುತ್ತಾರೆ. ಶಿಮಾನೊ ಒಳ್ಳೆಯದೋ ಸ್ರ್ಯಾಮ್ ಒಳ್ಳೆಯದೋ ಎಂಬ ಪ್ರಶ್ನೆಯನ್ನೇ ಮೊದಲು ಕೇಳಿಕೊಂಡು, ತಿಂಗಳುಗಟ್ಟಲೆ ಅದರ ಬಗ್ಗೆಯೇ ಓದಿ, ದೊಡ್ಡ ಮೊತ್ತ ಕಟ್ಟಿ, ಪೆಟ್ಟಿಗೆ ಮನೆಗೆ ಬಂದ ಮೇಲೆ ಹೊಸ ಕ್ಯಾಸೆಟ್ (ಹಿಂಬದಿಯ ಹಲ್ಲುಚಕ್ರಗಳ ಗೊಂಚಲು) ತಮ್ಮ ಚಕ್ರದ ಮೇಲೆ ಕೂರುವುದಿಲ್ಲವೆಂದೋ, ಫ್ರೇಮ್‌ನಲ್ಲಿ ಬ್ಯಾಟರಿಯ ತಂತಿ ಹಾಯಿಸಲು ದಾರಿಯೇ ಇಲ್ಲವೆಂದೋ ತಿಳಿದುಕೊಳ್ಳುತ್ತಾರೆ. ಎಲ್ಲವೂ ಸರಿಯಾಗಿ ಕೂತರೂ, ಮೊದಲ ಬಾರಿಗೆ ನಂದಿ ಬೆಟ್ಟ ಹತ್ತುವಾಗ ಅತಿ ಹಗುರ ಗೇರ್ ಕೂಡ ತಮ್ಮ ಕಾಲಿಗೆ ಭಾರವೆಂದು ಗೊತ್ತಾಗುವುದುಂಟು.

ಈ ಮೂರೂ ತಪ್ಪುಗಳಿಗೆ ಕಾರಣ ಒಂದೇ: ಹೆಜ್ಜೆಗಳ ಕ್ರಮ ತಿರುವುಮುರುವಾಗಿರುವುದು. ಫ್ರೇಮ್ ಮತ್ತು ಚಕ್ರ ಏನನ್ನು ಒಪ್ಪುತ್ತವೆ, ನಿಮ್ಮ ಕಾಲಿಗೆ ಯಾವ ಗೇರ್ ಬೇಕು, ನಿಮ್ಮ ಕೈಗೆ ಯಾವ ಲಿವರ್ (ಹ್ಯಾಂಡಲ್ ಮೇಲಿನ ಬ್ರೇಕ್-ಗೇರ್ ಹಿಡಿ) ಹೊಂದುತ್ತದೆ, ನಿಮ್ಮ ಸವಾರಿಗೆ ಯಾವ ಬ್ಯಾಟರಿ ವ್ಯವಸ್ಥೆ ಸರಿ ಎಂಬ ನಾಲ್ಕು ಪ್ರಶ್ನೆಗಳಿಗೆ ಇದೇ ಕ್ರಮದಲ್ಲಿ ಉತ್ತರ ಬರೆದರೆ, ಬ್ರ್ಯಾಂಡಿನ ಪ್ರಶ್ನೆ ಮುಕ್ಕಾಲು ಪಾಲು ತಾನಾಗಿಯೇ ತೀರ್ಮಾನವಾಗುತ್ತದೆ. ಈ ಮಾರ್ಗದರ್ಶಿ ಅದೇ ಕ್ರಮದಲ್ಲಿ ಸಾಗುತ್ತದೆ.

## ಮೊದಲು ಕೈಯಲ್ಲಿ ಇರಬೇಕಾದವು

ಆಯ್ಕೆಯ ಹಂತಕ್ಕೆ ಒಂದು ನೋಟ್‌ಬುಕ್, ಅಳತೆ ಪಟ್ಟಿ, ನಿಮ್ಮ ಫ್ರೇಮ್‌ನ ಮಾದರಿ ಹೆಸರು ಮತ್ತು ವರ್ಷ, ಈಗಿರುವ ಹಿಂಬದಿ ಚಕ್ರದ ಹಬ್‌ನ ಮಾದರಿ ಸಂಖ್ಯೆ ಇಷ್ಟಿದ್ದರೆ ಸಾಕು. ಫ್ರೇಮ್ ತಯಾರಕರು ಪ್ರಕಟಿಸುವ ತಾಂತ್ರಿಕ ಕೈಪಿಡಿಯನ್ನು ಇಳಿಸಿಕೊಂಡು ಇಟ್ಟುಕೊಳ್ಳಿ. ಅಂಗಡಿಯವರ ಬಾಯಿಮಾತಿಗಿಂತ ಆ ಕಡತದ ಎರಡು ಪುಟ ಹೆಚ್ಚು ನಂಬಿಕಸ್ಥ.

ಜೋಡಣೆಯನ್ನು ನೀವೇ ಮಾಡುವುದಾದರೆ 2ರಿಂದ 14 ನ್ಯೂಟನ್ ಮೀಟರ್‌ವರೆಗೆ ಅಳೆಯುವ ಟಾರ್ಕ್ ವ್ರೆಂಚ್, ಕ್ಯಾಸೆಟ್ ಬಿಗಿಯಲು 40 (ಸ್ರ್ಯಾಮ್ ಕ್ರ್ಯಾಂಕ್ ಆದರೆ 54) ನ್ಯೂಟನ್ ಮೀಟರ್ ಮುಟ್ಟುವ ಇನ್ನೊಂದು ದೊಡ್ಡ ವ್ರೆಂಚ್, ಲಾಕ್‌ರಿಂಗ್ ಟೂಲ್, ಚೈನ್ ಕಟರ್, ಚೈನ್ ಸವೆತ ಅಳೆಯುವ ಪಟ್ಟಿ, ಡಿರೇಲರ್ (ಚೈನ್ ಅನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಕೂರುವ ಹ್ಯಾಂಗರ್ ಎಂಬ ಕೊಂಡಿ ನೇರವಿದೆಯೇ ಎಂದು ನೋಡುವ ಗೇಜ್, ಆಯಾ ಬ್ರೇಕ್‌ಗೆ ತಕ್ಕ ಬ್ಲೀಡ್ ಕಿಟ್ (ಬ್ರೇಕ್ ದ್ರವ ತುಂಬಿ ಗಾಳಿ ತೆಗೆಯುವ ಸಲಕರಣೆ) ಬೇಕಾಗುತ್ತವೆ. ಹ್ಯಾಂಗರ್ ಗೇಜ್ ಇಲ್ಲದೆ ಎಲೆಕ್ಟ್ರಾನಿಕ್ ಡಿರೇಲರ್ ಜೋಡಿಸಲು ಹೋಗಬೇಡಿ. ಕಾರಣ ಕೊನೆಯ ಹಂತದಲ್ಲಿದೆ.

## ಹಂತ 1: ಫ್ರೇಮ್ ಏನನ್ನು ಒಪ್ಪುತ್ತದೆ?

ಮೊದಲ ಪ್ರಶ್ನೆ ಬ್ರೇಕ್‌ನದು. ಈಗಿನ ಎಲೆಕ್ಟ್ರಾನಿಕ್ ಶ್ರೇಣಿಗಳಲ್ಲಿ ಬಹುಪಾಲು ಹೈಡ್ರಾಲಿಕ್ ಡಿಸ್ಕ್ ಬ್ರೇಕ್‌ಗಾಗಿಯೇ ರೂಪಿಸಿದವು. ನಿಮ್ಮದು ರಿಮ್ ಬ್ರೇಕ್ ಫ್ರೇಮ್ ಆಗಿದ್ದರೆ ಆಯ್ಕೆಗಳು ಬೆರಳೆಣಿಕೆಯಷ್ಟೇ ಉಳಿಯುತ್ತವೆ. ಉದಾಹರಣೆಗೆ 2024ರಲ್ಲಿ ಬಂದ, ಸ್ರ್ಯಾಮ್‌ನ ಅತ್ಯುನ್ನತ ಶ್ರೇಣಿಯಾದ ರೆಡ್ ಡಿಸ್ಕ್‌ಗೆ ಮಾತ್ರ ಸಿಗುತ್ತದೆ. ಅಂಥ ಫ್ರೇಮ್‌ಗೆ ಗ್ರೂಪ್‌ಸೆಟ್ ಬದಲಿಸುವ ಮುನ್ನ ಫ್ರೇಮ್‌ನ ಬಗ್ಗೆಯೇ ಯೋಚಿಸುವುದು ವಿವೇಕ.

ಎರಡನೆಯದು ತಂತಿಯ ದಾರಿ. ಶಿಮಾನೊದ ಈಗಿನ 12 ಸ್ಪೀಡ್ (ಹಿಂದೆ 12 ಹಲ್ಲುಚಕ್ರ) ರೋಡ್ ಡಿಐ2, ಅಂದರೆ ಅದರ ಎಲೆಕ್ಟ್ರಾನಿಕ್ ಸೆಟ್, ಪೂರ್ತಿ ವೈರ್‌ಲೆಸ್ ಅಲ್ಲ. ಲಿವರ್‌ಗಳು ಹಿಂಬದಿ ಡಿರೇಲರ್‌ನೊಂದಿಗೆ ತಂತಿಯಿಲ್ಲದೆ ಮಾತನಾಡುತ್ತವೆ, ನಿಜ. ಆದರೆ ಎರಡೂ ಡಿರೇಲರ್‌ಗಳಿಂದ ಸೀಟ್‌ಪೋಸ್ಟ್ ಅಥವಾ ಸೀಟ್ ಟ್ಯೂಬ್‌ನೊಳಗಿನ ಬ್ಯಾಟರಿಗೆ ತಂತಿ ಹೋಗಲೇಬೇಕು. ಹಿಂಬದಿ ಡಿರೇಲರ್ ಬಳಿ ಮತ್ತು ಮುಂಬದಿ ಡಿರೇಲರ್ ಬಳಿ ಫ್ರೇಮ್‌ಗೆ ತೂತುಗಳಿವೆಯೇ, ಸೀಟ್‌ಪೋಸ್ಟ್ ಒಳಗೆ ಬ್ಯಾಟರಿ ಕೂರುವಷ್ಟು ಜಾಗವಿದೆಯೇ ಎಂದು ಕಣ್ಣಾರೆ ನೋಡಿ. ಸ್ರ್ಯಾಮ್‌ನ ಎಲೆಕ್ಟ್ರಾನಿಕ್ ವ್ಯವಸ್ಥೆಯಾದ ಎಎಕ್ಸ್‌ಎಸ್ ಮತ್ತು 2023ರ ಕ್ಯಾಂಪಾಗ್ನೋಲೊ ಸೂಪರ್ ರೆಕಾರ್ಡ್ ವೈರ್‌ಲೆಸ್‌ನಲ್ಲಿ ಡಿರೇಲರ್ ಬೆನ್ನಿಗೇ ಬ್ಯಾಟರಿ ಅಂಟಿಕೊಂಡಿರುವುದರಿಂದ ಈ ತಾಪತ್ರಯವಿಲ್ಲ. ಆದರೆ ಬ್ರೇಕ್‌ನ ಹೋಸ್ (ದ್ರವದ ಕೊಳವೆ) ಅನ್ನು ಯಾವ ಬ್ರ್ಯಾಂಡ್ ಆದರೂ ಎಳೆಯಲೇಬೇಕು. ಹ್ಯಾಂಡಲ್‌ಬಾರ್ ಮತ್ತು ಹೆಡ್‌ಸೆಟ್ ಒಳಗಿಂದಲೇ ಹೋಸ್ ಹಾಯುವ ಏರೋ ಫ್ರೇಮ್‌ಗಳಲ್ಲಿ ಜೋಡಣೆಯ ಕೂಲಿ ಗಣನೀಯವಾಗಿ ಏರುತ್ತದೆ ಎಂಬುದನ್ನು ಬಜೆಟ್‌ನಲ್ಲಿ ಸೇರಿಸಿಕೊಳ್ಳಿ.

ಮೂರನೆಯದು ಬಾಟಮ್ ಬ್ರ್ಯಾಕೆಟ್, ಅಂದರೆ ಕ್ರ್ಯಾಂಕ್‌ನ (ಪೆಡಲ್ ತೋಳುಗಳ) ಅಚ್ಚು ತಿರುಗುವ ಬೇರಿಂಗ್. ಶಿಮಾನೊ ಕ್ರ್ಯಾಂಕ್‌ನ ಅಚ್ಚು 24 ಮಿಲಿಮೀಟರ್, ಸ್ರ್ಯಾಮ್‌ನ ಡಬ್ ಎಂಬ ಕ್ರ್ಯಾಂಕ್‌ನದು 28.99 ಮಿಲಿಮೀಟರ್. ಒಂದಕ್ಕೆ ಕೂರಿಸಿದ ಬಾಟಮ್ ಬ್ರ್ಯಾಕೆಟ್ ಇನ್ನೊಂದಕ್ಕೆ ಆಗುವುದಿಲ್ಲ. ಗ್ರೂಪ್‌ಸೆಟ್ ಬೆಲೆ ಹೇಳುವಾಗ ಬಾಟಮ್ ಬ್ರ್ಯಾಕೆಟ್ ಮತ್ತು ಡಿಸ್ಕ್ ರೋಟರ್‌ಗಳನ್ನು ಸೇರಿಸಿದ್ದಾರೆಯೇ ಎಂದು ಲಿಖಿತವಾಗಿ ಕೇಳಿ. ಬಹಳಷ್ಟು ಬಾರಿ ಸೇರಿಸಿರುವುದಿಲ್ಲ.

ಇನ್ನು ಹ್ಯಾಂಗರ್. ಯುಡಿಎಚ್ ಎಂಬ ಸಾರ್ವತ್ರಿಕ ಹ್ಯಾಂಗರ್ ಇರುವ ಫ್ರೇಮ್ ಆದರೆ ಎಲ್ಲ ಬಾಗಿಲೂ ತೆರೆದಿರುತ್ತದೆ. 13 ಸ್ಪೀಡ್‌ನ ಸ್ರ್ಯಾಮ್ ರೆಡ್ ಎಕ್ಸ್‌ಪಿಎಲ್‌ಆರ್ ಗ್ರಾವೆಲ್ (ಕಚ್ಚಾರಸ್ತೆಯ) ಸೆಟ್ ಅಂಥ ಫ್ರೇಮ್‌ಗೆ ಮಾತ್ರ ಕೂರುತ್ತದೆ. 12 ಸ್ಪೀಡ್‌ನ ರೋಡ್ ಸೆಟ್‌ಗಳಿಗೆ ಸಾಮಾನ್ಯ ಹ್ಯಾಂಗರ್ ಸಾಕು.

ಎಚ್ಚರಿಕೆಯ ಸೂಚನೆ: ಫ್ರೇಮ್ ಮಾದರಿಯನ್ನೂ ಕೇಳದೆ, ಚಿತ್ರವನ್ನೂ ನೋಡದೆ "ಯಾವ ಫ್ರೇಮ್‌ಗಾದರೂ ಆಗುತ್ತದೆ, ಚಿಂತೆ ಬೇಡ" ಎನ್ನುವ ಮಾರಾಟಗಾರರ ಬಳಿ ಈ ಹಂತ ಮುಗಿಯುವವರೆಗೆ ಮುಂಗಡ ಕಟ್ಟಬೇಡಿ.

## ಹಂತ 2: ಹಿಂಬದಿ ಚಕ್ರದ ಫ್ರೀಹಬ್

ಫ್ರೀಹಬ್ ಎಂದರೆ ಹಿಂಬದಿ ಹಬ್‌ನಲ್ಲಿ ಕ್ಯಾಸೆಟ್ ಕೂರುವ ಭಾಗ. ಪೆಟ್ಟಿಗೆ ತೆರೆದ ಮೇಲೆ ಗೊತ್ತಾಗುವ ತಪ್ಪುಗಳಲ್ಲಿ ಅತಿ ಹೆಚ್ಚು ಕಾಣುವುದು ಇದು. ಶಿಮಾನೊದ 12 ಸ್ಪೀಡ್ ರೋಡ್ ಕ್ಯಾಸೆಟ್‌ಗಳು ಹಳೆಯ 11 ಸ್ಪೀಡ್‌ನ ಎಚ್‌ಜಿ ಎಂಬ ಫ್ರೀಹಬ್ ಮೇಲೂ ಕೂರುತ್ತವೆ, ಆದ್ದರಿಂದ ಈಗಾಗಲೇ ಒಳ್ಳೆಯ ಚಕ್ರ ಇಟ್ಟುಕೊಂಡವರಿಗೆ ಖರ್ಚು ಉಳಿಯುತ್ತದೆ. ಇದರ ಇನ್ನೊಂದು ಮಗ್ಗುಲನ್ನೂ ನೆನಪಿಡಿ: ಶಿಮಾನೊದ ಹೊಸ 12 ಸ್ಪೀಡ್ ಸ್ಪ್ಲೈನ್ (ಕ್ಯಾಸೆಟ್ ಸಿಕ್ಕಿಸುವ ತೋಡುಗಳು) ಮಾತ್ರ ಇರುವ ಹಬ್ ಮೇಲೆ ಹಳೆಯ 11 ಸ್ಪೀಡ್ ಕ್ಯಾಸೆಟ್ ಕೂರುವುದಿಲ್ಲ.

ಸ್ರ್ಯಾಮ್‌ನ ರೋಡ್ ಕ್ಯಾಸೆಟ್‌ಗಳು 10 ಹಲ್ಲಿನಿಂದ ಆರಂಭವಾಗುವುದರಿಂದ ಅವುಗಳಿಗೆ ಎಕ್ಸ್‌ಡಿಆರ್ ಎಂಬ ಬೇರೆಯೇ ಫ್ರೀಹಬ್ ಬೇಕು. ಮೌಂಟನ್ ಬೈಕ್‌ನ ಎಕ್ಸ್‌ಡಿ ಇದಕ್ಕಿಂತ 1.85 ಮಿಲಿಮೀಟರ್ ಗಿಡ್ಡ. ಹೆಸರಿನಲ್ಲಿ ಒಂದಕ್ಷರ ಬಿಟ್ಟುಹೋಯಿತೆಂದು ತಪ್ಪು ಭಾಗ ತರಿಸಿಕೊಂಡವರು ಇದ್ದಾರೆ. ಕ್ಯಾಂಪಾಗ್ನೋಲೊದ 10 ಹಲ್ಲಿನ ಕ್ಯಾಸೆಟ್‌ಗಳಿಗೆ ಎನ್3ಡಬ್ಲ್ಯು ಫ್ರೀಹಬ್ ಬೇಕು. ನಿಮ್ಮ ಹಬ್ ತಯಾರಕರು ಆ ಫ್ರೀಹಬ್ ಅನ್ನು ಬಿಡಿಯಾಗಿ ಮಾರುತ್ತಾರೆಯೇ, ಭಾರತದಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ. ಸಿಗದಿದ್ದರೆ ಹೊಸ ಹಿಂಬದಿ ಚಕ್ರದ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಟ್ರೈನರ್ ಮೇಲೆ ಮನೆಯೊಳಗೆ ತುಳಿಯುವವರು ಅದರ ಫ್ರೀಹಬ್‌ನ ಲೆಕ್ಕವನ್ನೂ ಇಲ್ಲೇ ಬರೆದುಕೊಳ್ಳಬೇಕು.

## ಹಂತ 3: ನಿಮ್ಮ ಕಾಲಿಗೆ ಬೇಕಾದ ಗೇರ್

ಗ್ರೂಪ್‌ಸೆಟ್ ಕೊಂಡು ಐದು ವರ್ಷ ತುಳಿಯುವವರಿಗೆ ಗೇರ್ ಬದಲಾಗುವ ವೇಗದಲ್ಲಿನ ಅತಿ ಸಣ್ಣ ವ್ಯತ್ಯಾಸ ಮರೆತುಹೋಗುತ್ತದೆ, ತಪ್ಪು ಗೇರ್ ಮಾತ್ರ ಪ್ರತಿ ಏರಿನಲ್ಲೂ ನೆನಪಾಗುತ್ತದೆ. ಆದ್ದರಿಂದ ಈ ಹಂತಕ್ಕೆ ಒಂದು ಸಂಜೆಯನ್ನಾದರೂ ಮೀಸಲಿಡಿ.

ಲೆಕ್ಕ ಸರಳ. ಮುಂದಿನ ಚೈನ್‌ರಿಂಗ್‌ನ ಹಲ್ಲುಗಳನ್ನು ಹಿಂದಿನ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಿದರೆ ಗೇರ್ ಅನುಪಾತ ಬರುತ್ತದೆ. ಪೆಡಲ್ ಒಂದು ಸುತ್ತು ಸುತ್ತಿದಾಗ ಚಕ್ರ ಎಷ್ಟು ಸುತ್ತು ಸುತ್ತುತ್ತದೆ ಎಂಬುದೇ ಅದು. 28 ಮಿಲಿಮೀಟರ್ ಟೈರ್ ಇರುವ ಚಕ್ರದ ಸುತ್ತಳತೆ ಸುಮಾರು 2.136 ಮೀಟರ್. ಅನುಪಾತ 1 ಆಗಿದ್ದು ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 7.7 ಕಿಲೋಮೀಟರ್ ವೇಗ ಬರುತ್ತದೆ.

ಈಗ ಏರಿನ ಕಡೆ ಬನ್ನಿ. 75 ಕಿಲೋ ತೂಕದ ಸವಾರರು 10 ಕಿಲೋ ಸಾಮಾನು ಸಮೇತದ ಸೈಕಲ್‌ನಲ್ಲಿ ಶೇ. 8ರ ಏರನ್ನು ಈ ವೇಗದಲ್ಲಿ ಹತ್ತಲು ಸುಮಾರು 160 ವ್ಯಾಟ್ ಶಕ್ತಿ ಬೇಕು. ಅದೇ ಸವಾರರು 52/36 ಚೈನ್‌ರಿಂಗ್ (ಮುಂದೆ 52 ಮತ್ತು 36 ಹಲ್ಲಿನ ಎರಡು) ಮತ್ತು 11-30 ಕ್ಯಾಸೆಟ್ (ಹಿಂದೆ 11ರಿಂದ 30 ಹಲ್ಲಿನವರೆಗೆ) ಹಾಕಿದ್ದರೆ ಅತಿ ಹಗುರ ಗೇರ್ 1.2 ಆಗುತ್ತದೆ, 60 ಸುತ್ತು ಕಾಯ್ದುಕೊಳ್ಳಲು 190 ವ್ಯಾಟ್ ಸುರಿಯಬೇಕು. ಅಷ್ಟು ಶಕ್ತಿಯನ್ನು ಒಂದೇ ಸಮನೆ ಕೊಡಲಾಗದವರು 45, 40 ಸುತ್ತಿಗೆ ಇಳಿದು, ಮೊಣಕಾಲಿಗೆ ಭಾರ ಹಾಕುತ್ತಾ ತುಳಿಯುತ್ತಾರೆ. ನಂದಿ ಬೆಟ್ಟದ ಕೊನೆಯ ತಿರುವುಗಳಲ್ಲಿ, ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಹ್ಯಾಂಡಲ್ ಎಳೆದಾಡುತ್ತಾ ಹತ್ತುವವರಲ್ಲಿ ಅನೇಕರ ತೊಂದರೆ ದೇಹಬಲದ್ದಲ್ಲ, ಗೇರ್‌ನದು.

ಹಾಗಾದರೆ ಯಾವುದರಲ್ಲಿ ಎಷ್ಟು ಹಗುರ ಗೇರ್ ಸಿಗುತ್ತದೆ? ಶಿಮಾನೊದ ಮೇಲಿನ ಎರಡು ಶ್ರೇಣಿಗಳಾದ ಡ್ಯೂರಾ-ಏಸ್ ಮತ್ತು ಅಲ್ಟೆಗ್ರಾಗಳ ಹಿಂಬದಿ ಡಿರೇಲರ್‌ಗೆ 34 ಹಲ್ಲು ಗರಿಷ್ಠ ಮಿತಿ. 50/34 ಜೊತೆಗೆ 11-34 ಹಾಕಿದರೆ ಅನುಪಾತ ಸರಿಯಾಗಿ 1. ಅದೇ ಕಂಪನಿಯ ಕಡಿಮೆ ಬೆಲೆಯ 105 ಡಿಐ2 11-36 ಕ್ಯಾಸೆಟ್ ಒಪ್ಪುವುದರಿಂದ 34/36, ಅಂದರೆ 0.94 ಸಿಗುತ್ತದೆ. ಸ್ರ್ಯಾಮ್‌ನಲ್ಲಿ 48/35ರ ಜೊತೆ 10-33 ಹಾಕಿದರೆ 1.06, 10-36 ಹಾಕಿದರೆ 0.97, 46/33ರ ಜೊತೆ 10-36 ಹಾಕಿದರೆ 0.92. ಕ್ಯಾಂಪಾಗ್ನೋಲೊ ಸೂಪರ್ ರೆಕಾರ್ಡ್ ವೈರ್‌ಲೆಸ್‌ನಲ್ಲಿ 45/29 ಚೈನ್‌ರಿಂಗ್ ಜೊತೆ 10-29 ಹಾಕಿದರೆ 1. ದುಬಾರಿಯಾದದ್ದೇ ಏರಿಗೆ ಹಗುರ ಎಂಬ ನಿಯಮ ಇಲ್ಲ ಎಂಬುದನ್ನು ಈ ಸಂಖ್ಯೆಗಳೇ ಹೇಳುತ್ತವೆ. ಇದಕ್ಕಿಂತಲೂ ಹಗುರ ಬೇಕಾದವರು ಶಿಮಾನೊದ ಗ್ರಾವೆಲ್ ಶ್ರೇಣಿಯಾದ ಜಿಆರ್‌ಎಕ್ಸ್‌ನ 48/31 ಕ್ರ್ಯಾಂಕ್ ನೋಡಬಹುದು. ಆದರೆ ಅದರ ಚೈನ್‌ಲೈನ್ (ಚೈನ್ ಓಡುವ ಸಾಲು) 2.5 ಮಿಲಿಮೀಟರ್ ಹೊರಗಿರುವುದರಿಂದ ಮುಂಬದಿ ಡಿರೇಲರ್ ಕೂಡ ಜಿಆರ್‌ಎಕ್ಸ್‌ನದೇ ಆಗಿರಬೇಕು.

ಸ್ರ್ಯಾಮ್‌ನ ಚೈನ್‌ರಿಂಗ್ ಚಿಕ್ಕದು, ಸಪಾಟು ರಸ್ತೆಯಲ್ಲಿ ವೇಗ ಸಿಗಲಾರದು ಎಂಬ ಅಂಜಿಕೆಗೆ ಆಧಾರವಿಲ್ಲ. ನಿಮಿಷಕ್ಕೆ 90 ಸುತ್ತು ತುಳಿದರೆ 46/10ರಲ್ಲಿ ಗಂಟೆಗೆ ಸುಮಾರು 53 ಕಿಲೋಮೀಟರ್, 50/11ರಲ್ಲಿ ಸುಮಾರು 52, 48/10ರಲ್ಲಿ ಸುಮಾರು 55 ಬರುತ್ತದೆ. ಹಿಂದಿನ ಚಿಕ್ಕ ಹಲ್ಲುಚಕ್ರ 10 ಆಗಿರುವುದೇ ಕಾರಣ.

ಗೇರ್‌ಗಳ ನಡುವಿನ ಅಂತರವನ್ನು ಮಾತ್ರ ಉಪೇಕ್ಷಿಸಬೇಡಿ. 11-34ರಲ್ಲಿ 15ರ ನಂತರ ನೇರವಾಗಿ 17 ಬರುತ್ತದೆ, 11-30ರಲ್ಲಿ ಇವೆರಡರ ನಡುವೆ 16 ಇದೆ. 50ರ ಚೈನ್‌ರಿಂಗ್‌ನಲ್ಲಿ 90 ಸುತ್ತಿಗೆ 17ರಲ್ಲಿ ಗಂಟೆಗೆ 34, 16ರಲ್ಲಿ 36, 15ರಲ್ಲಿ 38 ಕಿಲೋಮೀಟರ್ ವೇಗ ಬರುವುದರಿಂದ, ವೇಗದ ಗುಂಪಿನೊಂದಿಗೆ ಸಪಾಟು ಹೆದ್ದಾರಿಯಲ್ಲಿ ತುಳಿಯುವವರಿಗೆ ಆ 16 ಇಲ್ಲದಿರುವುದು ದಿನವೂ ಅರಿವಾಗುತ್ತದೆ. ಸ್ರ್ಯಾಮ್‌ನ 10-36ರಲ್ಲಿ 13ರಿಂದ 15ಕ್ಕೆ ಜಿಗಿತವಿದೆ. ವಾರಾಂತ್ಯದಲ್ಲಿ ಬೆಟ್ಟ, ದೀರ್ಘ ಸವಾರಿ ಮಾಡುವವರಿಗೆ ಈ ಅಂತರ ದೊಡ್ಡ ವಿಷಯವಲ್ಲ. ಓಟದಲ್ಲಿ ಭಾಗವಹಿಸುವವರಿಗೆ ಹೌದು. ಸಂದೇಹವಿದ್ದರೆ ಹಗುರ ಗೇರ್ ಕಡೆಗೇ ವಾಲಿ ಎನ್ನುವುದು ನನ್ನ ದೃಢ ಅಭಿಪ್ರಾಯ.

ಸಾಮಾನ್ಯ ತಪ್ಪು: ಪೂರ್ತಿ ಜೋಡಿಸಿದ ಬೈಕ್‌ನೊಂದಿಗೆ ಬಂದ ಚೈನ್‌ರಿಂಗ್ ಮತ್ತು ಕ್ಯಾಸೆಟ್‌ಗಳನ್ನು ಹಾಗೆಯೇ ಒಪ್ಪಿಕೊಳ್ಳುವುದು. ಬೈಕ್ ಅಂಗಡಿಯಿಂದ ಹೊರಬೀಳುವ ಮುನ್ನ ಕ್ಯಾಸೆಟ್ ಬದಲಿಸಿಕೊಡಲು ಕೇಳಿದರೆ ಅನೇಕರು ಬೆಲೆಯ ವ್ಯತ್ಯಾಸವಷ್ಟನ್ನೇ ಪಡೆದು ಬದಲಿಸುತ್ತಾರೆ. ಆಮೇಲೆ ಕೇಳಿದರೆ ಪೂರ್ತಿ ಬೆಲೆ ತೆರಬೇಕು.

## ಹಂತ 4: ಕೈ, ಲಿವರ್ ಮತ್ತು ಬ್ರೇಕ್

ಮೂರೂ ಕಂಪನಿಗಳು ಗೇರ್ ಬದಲಿಸುವ ಕ್ರಮವನ್ನು ಬೇರೆಬೇರೆಯಾಗಿ ಇಟ್ಟಿವೆ. ಸ್ರ್ಯಾಮ್‌ನಲ್ಲಿ ಬಲಗೈ ಒತ್ತಿದರೆ ಭಾರದ ಗೇರ್, ಎಡಗೈ ಒತ್ತಿದರೆ ಹಗುರ ಗೇರ್, ಎರಡನ್ನೂ ಒಟ್ಟಿಗೆ ಒತ್ತಿದರೆ ಮುಂದಿನ ಚೈನ್‌ರಿಂಗ್ ಬದಲಾಗುತ್ತದೆ. ಅರ್ಧ ಗಂಟೆಯಲ್ಲಿ ಅಭ್ಯಾಸವಾಗುತ್ತದೆ. ಶಿಮಾನೊದಲ್ಲಿ ಒಂದೊಂದು ಲಿವರ್‌ನಲ್ಲೂ ಅಕ್ಕಪಕ್ಕದಲ್ಲಿ ಎರಡು ಗುಂಡಿಗಳಿದ್ದು, ಬಲಗೈ ಹಿಂದಿನದಕ್ಕೆ, ಎಡಗೈ ಮುಂದಿನದಕ್ಕೆ ಮೀಸಲು. ಯಾಂತ್ರಿಕ ಗೇರ್‌ನಿಂದ ಬರುವವರಿಗೆ ಇದು ಪರಿಚಿತ ಎನಿಸುತ್ತದೆ. ಆದರೆ ಮಳೆಯಲ್ಲಿ ಒದ್ದೆ ಕೈಗವಸು ಹಾಕಿಕೊಂಡು ಆ ಎರಡು ಗುಂಡಿಗಳನ್ನು ಬೆರಳಿನಿಂದ ಗುರುತಿಸುವುದು ಎಲ್ಲರಿಗೂ ಸುಲಭವಲ್ಲ. ಆಪ್ ಮೂಲಕ ಗುಂಡಿಗಳ ಕೆಲಸವನ್ನು ಬದಲಿಸಿಕೊಳ್ಳಬಹುದು.

ಬ್ರೇಕ್ ವಿಷಯದಲ್ಲಿ ಹುಡ್ (ಲಿವರ್‌ನ ರಬ್ಬರ್ ಹಿಡಿಕೆ) ಮೇಲೆ ಕೈಯಿಟ್ಟೇ ಘಾಟಿ ಇಳಿಯುವವರು, ಚಿಕ್ಕ ಅಂಗೈಯವರು ವಿಶೇಷವಾಗಿ ಗಮನ ಕೊಡಬೇಕು. 2024ರ ರೆಡ್‌ನಲ್ಲಿ ಸ್ರ್ಯಾಮ್ ಲಿವರ್‌ನ ತಿರುಗುಬಿಂದುವನ್ನು ಬದಲಿಸಿದ್ದರಿಂದ ಹುಡ್ ಮೇಲಿಂದ ಒಂದೇ ಬೆರಳಿನಲ್ಲಿ ಬ್ರೇಕ್ ಹಿಡಿಯುವುದು ಸಾಧ್ಯವಾಗಿದೆ. 2025ರಲ್ಲಿ ಅದರ ಕೆಳಗಿನ ಶ್ರೇಣಿಗಳಾದ ಫೋರ್ಸ್ ಮತ್ತು ರೈವಲ್‌ಗಳಿಗೂ ಅದೇ ವಿನ್ಯಾಸ ಬಂತು. ಹೀಗಾಗಿ ಅಂಗಡಿಯಲ್ಲಿ ಉಳಿದಿರುವ ಹಳೆಯ ಫೋರ್ಸ್ ಮತ್ತು ಹೊಸ ಫೋರ್ಸ್ ಎರಡಕ್ಕೂ ಹೆಸರು ಒಂದೇ ಆದರೂ ಕೈಗೆ ಸಿಗುವ ಅನುಭವ ಬೇರೆ. ಲಿವರ್ ಹಿಡಿದು ನೋಡದೆ ಈ ಹಂತ ಮುಗಿಯಿತೆಂದು ಗುರುತು ಹಾಕಬೇಡಿ. ಪರಿಚಿತರ ಬೈಕ್‌ನಲ್ಲಿ ಹತ್ತು ಕಿಲೋಮೀಟರ್ ತುಳಿಯುವ ಅವಕಾಶ ಸಿಕ್ಕರೆ ಬಿಡಬೇಡಿ.

ಬ್ರೇಕ್‌ನೊಳಗಿನ ದ್ರವದ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತಿದೆ. ಶಿಮಾನೊ ಮತ್ತು ಕ್ಯಾಂಪಾಗ್ನೋಲೊ ಮಿನರಲ್ ಆಯಿಲ್ ಬಳಸುತ್ತವೆ, ಸ್ರ್ಯಾಮ್‌ನ ರೋಡ್ ಬ್ರೇಕ್‌ಗಳು ಡಾಟ್ 5.1 ಬಳಸುತ್ತವೆ. ಒಂದನ್ನು ಇನ್ನೊಂದರಲ್ಲಿ ತುಂಬಿದರೆ ರಬ್ಬರ್ ಸೀಲ್‌ಗಳು ಹಾಳಾಗಿ ಬ್ರೇಕ್ ಕೈಕೊಡುತ್ತದೆ. ಡಾಟ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಬಣ್ಣದ ಮೇಲೆ ಬಿದ್ದರೆ ಬಣ್ಣ ತಿನ್ನುತ್ತದೆ. ಮಂಗಳೂರು, ಉಡುಪಿಯಂಥ ತೇವದ ಊರುಗಳಲ್ಲಿ ಇರುವವರು ವರ್ಷಕ್ಕೊಮ್ಮೆ ಅದನ್ನು ಬದಲಿಸಿಕೊಳ್ಳುವ ಏರ್ಪಾಡು ಹತ್ತಿರದಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಕಾರು, ಮೋಟಾರ್‌ಸೈಕಲ್ ಅಂಗಡಿಗಳಲ್ಲಿ ಡಾಟ್ ದ್ರವ ಸುಲಭವಾಗಿ ಸಿಗುತ್ತದೆ ಎಂಬುದು ಅದರ ಒಂದು ಅನುಕೂಲ.

## ಹಂತ 5: ಬ್ಯಾಟರಿ ಮತ್ತು ನಿಮ್ಮ ಸವಾರಿಯ ಸ್ವರೂಪ

ಶಿಮಾನೊದಲ್ಲಿ ಎರಡೂ ಡಿರೇಲರ್‌ಗಳಿಗೆ ಒಂದೇ ಬ್ಯಾಟರಿ. ಒಮ್ಮೆ ತುಂಬಿಸಿದರೆ ಸುಮಾರು 1,000 ಕಿಲೋಮೀಟರ್ ಎಂದು ಕಂಪನಿ ಹೇಳುತ್ತದೆ. ಅದನ್ನು ದಾರಿಯಲ್ಲಿ ತೆಗೆಯಲಾಗದು. ಹಿಂಬದಿ ಡಿರೇಲರ್‌ನ ರಂಧ್ರಕ್ಕೆ ಕಂಪನಿಯದೇ ಕೇಬಲ್ ಚುಚ್ಚಿ ತುಂಬಿಸಬೇಕು, ಫೋನ್ ಕೇಬಲ್ ಅಲ್ಲಿಗೆ ಆಗದು. ಸ್ರ್ಯಾಮ್‌ನಲ್ಲಿ ಎರಡು ಡಿರೇಲರ್‌ಗಳಿಗೂ ಪ್ರತ್ಯೇಕ ಬ್ಯಾಟರಿ, ಸುಮಾರು 60 ಗಂಟೆಗಳ ಸವಾರಿಗೆ ಸಾಕಾಗುವಷ್ಟು. ಅವು ಒಂದೇ ಬಗೆಯವಾದ್ದರಿಂದ ಹಿಂದಿನದು ಖಾಲಿಯಾದರೆ ಮುಂದಿನದನ್ನು ಕಳಚಿ ಹಿಂದೆ ಸಿಕ್ಕಿಸಿ ಮನೆ ಸೇರಬಹುದು, ಜೇಬಿನಲ್ಲಿ ಒಂದು ಹೆಚ್ಚುವರಿ ಬ್ಯಾಟರಿಯನ್ನೂ ಇಟ್ಟುಕೊಳ್ಳಬಹುದು. ಕ್ಯಾಂಪಾಗ್ನೋಲೊದ 2023ರ ಸೆಟ್‌ನಲ್ಲೂ ಎರಡು ಬ್ಯಾಟರಿ, ಸುಮಾರು 750 ಕಿಲೋಮೀಟರ್. ಆದರೆ ಮುಂದಿನದು ಹಿಂದಕ್ಕೆ ಹೊಂದುವುದಿಲ್ಲ.

ವಾರಕ್ಕೆ 150 ಕಿಲೋಮೀಟರ್ ತುಳಿಯುವವರಿಗೆ ಮೂರರಲ್ಲಿ ಯಾವುದಾದರೂ ಸರಿಯೇ. ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ, ಮಾಡುವವರ ವಿಷಯ ಬೇರೆ. 600 ಕಿಲೋಮೀಟರ್ ಬ್ರೆವೆಗೆ 40 ಗಂಟೆಯ ಗಡುವು ಇರುವುದರಿಂದ, ತುಂಬಿಸಿ ಹೊರಟರೆ ಶಿಮಾನೊ, ಸ್ರ್ಯಾಮ್ ಎರಡೂ ದಡ ಮುಟ್ಟಿಸುತ್ತವೆ. ಸುಮಾರು 1,200 ಕಿಲೋಮೀಟರ್, 90 ಗಂಟೆ ಗಡುವಿನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ನಂಥ ಸವಾರಿಗೆ ಹೋಗುವವರು ಶಿಮಾನೊ ಆದರೆ ನಿಲುಗಡೆಯಲ್ಲಿ ಕೇಬಲ್ ಚುಚ್ಚಲು, ಸ್ರ್ಯಾಮ್ ಆದರೆ ಹೆಚ್ಚುವರಿ ಬ್ಯಾಟರಿ ಒಯ್ಯಲು ಯೋಜನೆ ಹಾಕಿಕೊಳ್ಳಲೇಬೇಕು.

ಲಿವರ್‌ನೊಳಗಿನ ನಾಣ್ಯದಂಥ ಸೆಲ್ ಅನ್ನು ಬಹುಮಂದಿ ಮರೆಯುತ್ತಾರೆ. ಸ್ರ್ಯಾಮ್ ಲಿವರ್‌ಗೆ ಒಂದೊಂದು ಸಿಆರ್2032 ಬೇಕು, ಅದು ಯಾವ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಶಿಮಾನೊ 12 ಸ್ಪೀಡ್ ಲಿವರ್‌ಗೆ ಸಿಆರ್1632 ಬೇಕು, ಅದು ಸಣ್ಣ ಊರುಗಳಲ್ಲಿ ಅಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ. ಸಕಲೇಶಪುರದ ಕಡೆ ಹೋದಾಗ ಜೊತೆಗಾರರೊಬ್ಬರ ಎಡ ಲಿವರ್ ಸ್ಪಂದಿಸುವುದನ್ನು ನಿಲ್ಲಿಸಿತು. ಡಿರೇಲರ್ ಬ್ಯಾಟರಿ ಅರ್ಧಕ್ಕೂ ಹೆಚ್ಚು ತುಂಬಿತ್ತು. ಆದ್ದರಿಂದ ತಾಸುಗಟ್ಟಲೆ ನಾವು ತಪ್ಪು ಜಾಗದಲ್ಲೇ ದೋಷ ಹುಡುಕಿದೆವು. ಖಾಲಿಯಾಗಿದ್ದದ್ದು ಲಿವರ್‌ನ ಸೆಲ್. ಅಂದಿನಿಂದ ಬಿಡಿ ಟ್ಯೂಬ್ ಜೊತೆಗೆ ಸೆಲ್ ಕೂಡ ನನ್ನ ಸೀಟಿನ ಚೀಲದಲ್ಲಿರುತ್ತದೆ. ವರ್ಷಕ್ಕೊಮ್ಮೆ, ನೆನಪಿರುವ ಒಂದು ದಿನ ಗೊತ್ತು ಮಾಡಿಕೊಂಡು, ಹಳೆಯದು ಮುಗಿದಿರಲಿ ಬಿಡಲಿ ಹೊಸ ಸೆಲ್ ಹಾಕಿಬಿಡಿ. ಆಯುಧಪೂಜೆಗೆ ಸೈಕಲ್ ತೊಳೆಯುವವರಿಗೆ ಆ ದಿನವೇ ಸರಿ.

ಪ್ರಯಾಣದಲ್ಲಿ ಗಮನಿಸಬೇಕಾದ್ದು ಎರಡು. ಸ್ರ್ಯಾಮ್ ಡಿರೇಲರ್‌ಗಳು ಅಲುಗಾಟದಿಂದ ಎಚ್ಚರಗೊಳ್ಳುತ್ತವೆ, ಆದ್ದರಿಂದ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ದೂರ ಹೋಗುವಾಗ ಬ್ಯಾಟರಿಗಳನ್ನು ಕಳಚಿಡಿ. ವಿಮಾನದಲ್ಲಾದರೆ ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ.

ಎಚ್ಚರಿಕೆಯ ಸೂಚನೆ: ಶಿಮಾನೊದಲ್ಲಿ ಚಾರ್ಜ್ ಇಳಿದಾಗ ಮೊದಲು ಮುಂಬದಿ ಡಿರೇಲರ್ ನಿಲ್ಲುತ್ತದೆ. ಅದನ್ನು ಜೋಡಣೆಯ ದೋಷ ಎಂದುಕೊಂಡು ಸ್ಕ್ರೂ ತಿರುಗಿಸಬೇಡಿ, ಮೊದಲು ಚಾರ್ಜ್ ನೋಡಿ.

## ಹಂತ 6: ಈಗ ಬ್ರ್ಯಾಂಡ್, ಆಮೇಲೆ ಶ್ರೇಣಿ

ಇಷ್ಟು ಬರೆದ ಮೇಲೆ ನಿಮ್ಮ ನೋಟ್‌ಬುಕ್‌ನಲ್ಲಿ ಸಾಮಾನ್ಯವಾಗಿ ಒಂದು ಅಥವಾ ಎರಡು ಬ್ರ್ಯಾಂಡ್‌ಗಳಷ್ಟೇ ಉಳಿದಿರುತ್ತವೆ. ಎರಡು ಉಳಿದಿದ್ದರೆ ಬಿಡಿಭಾಗ ಸಿಗುವ ಸುಲಭವನ್ನು ನೋಡಿ ತೀರ್ಮಾನಿಸಿ. ನಿಮ್ಮ ಊರಿನ ಮೆಕ್ಯಾನಿಕ್‌ಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಈ ಸೆಟ್‌ನ ಚೈನ್ ಮತ್ತು ಕ್ಯಾಸೆಟ್ ನಿಮ್ಮಲ್ಲಿ ಈಗಲೇ ಇವೆಯೇ? ಬ್ಲೀಡ್ ಕಿಟ್ ಇದೆಯೇ? ವಾರಂಟಿ ದೂರನ್ನು ಯಾರು ಸ್ವೀಕರಿಸುತ್ತಾರೆ? ಸ್ರ್ಯಾಮ್‌ನ ರೋಡ್ ಸೆಟ್‌ಗಳು ಫ್ಲಾಟ್‌ಟಾಪ್ ಎಂಬ ವಿಶೇಷ ಚೈನ್ ಬಳಸುತ್ತವೆ, ಅದರ ರೋಲರ್ ದಪ್ಪ. ಬೇರೆ 12 ಸ್ಪೀಡ್ ಚೈನ್ ಅಲ್ಲಿ ಕೆಲಸ ಮಾಡದು, ಬಿಡಿ ಕ್ವಿಕ್ ಲಿಂಕ್ ಕೂಡ ಅದರದೇ ಆಗಬೇಕು. ಹೊರದೇಶದಿಂದ ಬಂಧುಗಳ ಕೈಯಲ್ಲಿ ತರಿಸುವವರು ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಲಿಖಿತ ಉತ್ತರ ಪಡೆದ ಮೇಲೆ ಮುಂದುವರಿಯಿರಿ.

ಶ್ರೇಣಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಡಿಸ್ಕ್ ಬ್ರೇಕ್ ಸಮೇತ ಡ್ಯೂರಾ-ಏಸ್ ಸುಮಾರು 2,440 ಗ್ರಾಂ, ಅಲ್ಟೆಗ್ರಾ ಸುಮಾರು 2,720 ಗ್ರಾಂ, 105 ಡಿಐ2 ಸುಮಾರು 3 ಕಿಲೋ ತೂಗುತ್ತವೆ. 2024ರ ರೆಡ್ ಸುಮಾರು 2,500 ಗ್ರಾಂ. ಡ್ಯೂರಾ-ಏಸ್ ಮತ್ತು ಅಲ್ಟೆಗ್ರಾಗಳ ನಡುವೆ ಸವಾರನಿಗೆ ತಿಳಿಯುವ ವ್ಯತ್ಯಾಸ ಮುಖ್ಯವಾಗಿ ಈ 280 ಗ್ರಾಂ ತೂಕವೇ. ಅದು ಒಂದು ಸಣ್ಣ ನೀರಿನ ಬಾಟಲಿಯಷ್ಟು. ಡ್ಯೂರಾ-ಏಸ್ ಕ್ಯಾಸೆಟ್‌ನ ದೊಡ್ಡ ಹಲ್ಲುಚಕ್ರಗಳು ಟೈಟಾನಿಯಂನವು, ಹಗುರ ನಿಜ, ಆದರೆ ಉಕ್ಕಿನವಕ್ಕಿಂತ ಬೇಗ ಸವೆಯುತ್ತವೆ. ಸವೆಯುವ ಭಾಗಗಳನ್ನು, ಅಂದರೆ ಚೈನ್ ಮತ್ತು ಕ್ಯಾಸೆಟ್‌ಗಳನ್ನು, ಒಂದು ಮೆಟ್ಟಿಲು ಕೆಳಗಿನ ಶ್ರೇಣಿಯಿಂದ ಕೊಳ್ಳುವುದು ನನ್ನ ರೂಢಿ. ಶಿಮಾನೊದ 12 ಸ್ಪೀಡ್ ಭಾಗಗಳು ಒಂದಕ್ಕೊಂದು ಹೊಂದುತ್ತವೆ, ಸ್ರ್ಯಾಮ್‌ನ 12 ಸ್ಪೀಡ್ ಎಎಕ್ಸ್‌ಎಸ್ ಶ್ರೇಣಿಗಳೂ ಹಾಗೆಯೇ. ಹಿಂಬದಿ ಡಿರೇಲರ್ ಬಿದ್ದಾಗ ಮೊದಲು ಪೆಟ್ಟು ತಿನ್ನುವ ಭಾಗ. ಅದರ ಒಂಟಿ ಬೆಲೆಯನ್ನು ಈಗಲೇ ವಿಚಾರಿಸಿ, ಒಂದು ಅಪಘಾತಕ್ಕೆ ಅಷ್ಟು ತೆರಲು ಸಾಧ್ಯವಿಲ್ಲದಿದ್ದರೆ ಶ್ರೇಣಿ ಇಳಿಸಿ.

ಪವರ್ ಮೀಟರ್ (ತುಳಿತದ ಶಕ್ತಿ ಅಳೆಯುವ ಸಾಧನ) ಇರುವ ಕ್ರ್ಯಾಂಕ್ ಕೊಳ್ಳುವವರು ಚೈನ್‌ರಿಂಗ್ ಸವೆದಾಗ ಅದನ್ನು ಮಾತ್ರ ಬದಲಿಸಬಹುದೇ, ಅಥವಾ ಮೀಟರ್ ಸಮೇತ ಬದಲಿಸಬೇಕೇ ಎಂದು ಕೇಳಿ. ಎರಡೂ ಬಗೆಯವು ಮಾರುಕಟ್ಟೆಯಲ್ಲಿವೆ.

## ಹಂತ 7: ಬಳಸಿದ್ದನ್ನು ಕೊಳ್ಳುವುದಾದರೆ

ಹಳೆಯ 11 ಸ್ಪೀಡ್ ಡಿಐ2 ಸೆಟ್‌ಗಳು ಈಗ ಕೈಗೆಟಕುವ ಬೆಲೆಗೆ ಸಿಗುತ್ತಿವೆ. ಅವು ಚೆನ್ನಾಗಿ ಕೆಲಸ ಮಾಡುತ್ತವೆ, ಆದರೆ 12 ಸ್ಪೀಡ್‌ನ ಲಿವರ್ ಮತ್ತು ಡಿರೇಲರ್‌ಗಳೊಂದಿಗೆ ಬೆರೆಯುವುದಿಲ್ಲ. ಇಲ್ಲಿ ತಪ್ಪದೆ ನೋಡಬೇಕಾದ್ದು ಕ್ರ್ಯಾಂಕ್. 2012ರ ಜೂನ್‌ನಿಂದ 2019ರ ಜೂನ್‌ವರೆಗೆ ತಯಾರಾದ ಅಲ್ಟೆಗ್ರಾ 6800 ಹಾಗೂ ಆರ್8000, ಡ್ಯೂರಾ-ಏಸ್ 9000 ಹಾಗೂ ಆರ್9100 ಕ್ರ್ಯಾಂಕ್‌ಗಳಲ್ಲಿ ಅಂಟಿಸಿದ ಎರಡು ಭಾಗಗಳು ಬಿಡುವ ಅಪಾಯವಿದೆಯೆಂದು, ತಪಾಸಣೆ ಮಾಡಿಸಿಕೊಳ್ಳುವಂತೆ 2023ರ ಸೆಪ್ಟೆಂಬರ್‌ನಲ್ಲಿ ಶಿಮಾನೊ ಪ್ರಕಟಿಸಿತು. ಕ್ರ್ಯಾಂಕ್ ತೋಳಿನ ಒಳಮೈಯಲ್ಲಿ ತಯಾರಿಕೆಯ ಅಕ್ಷರಸಂಕೇತವಿರುತ್ತದೆ. ಮಾರುವವರಿಂದ ಅದರ ಚಿತ್ರ ತರಿಸಿಕೊಳ್ಳಿ, ತಪಾಸಣೆ ಆಗಿದೆಯೇ ಎಂದು ಕೇಳಿ. ತೋಳಿನ ಅಂಚಿನಲ್ಲಿ ಗೆರೆಯಂತೆ ಬಿರುಕು ಕಂಡರೆ, ತುಳಿಯುವಾಗ ಲಟಕ್ಕೆನ್ನುವ ಸದ್ದು ಬಂದರೆ ಆ ಕ್ರ್ಯಾಂಕ್ ಬೇಡ.

ಬಳಸಿದ ಯಾವುದೇ ಸೆಟ್‌ಗೂ ಬ್ಯಾಟರಿಯ ವಯಸ್ಸು ಕೇಳಿ, ಎಲ್ಲ ಗೇರ್‌ಗಳನ್ನು ಕಣ್ಣೆದುರೇ ಬದಲಿಸಿ ತೋರಿಸಲು ಹೇಳಿ, ಡಿರೇಲರ್‌ನ ಹೊರಮೈ ಗೀರುಗಳನ್ನು ನೋಡಿ, ಮಾರುವವರ ಫೋನ್ ಆಪ್‌ನಿಂದ ಅದನ್ನು ಬಿಡಿಸಿಕೊಡಲು ಒಪ್ಪಿಸಿ.

## ಹಂತ 8: ಜೋಡಣೆಯ ಕ್ರಮ ಮತ್ತು ಮೊದಲ ಸವಾರಿಗಳು

ಅಂಗಡಿಯಲ್ಲಿ ಜೋಡಿಸಿದರೂ ಈ ಕ್ರಮ ನಿಮಗೆ ತಿಳಿದಿರಲಿ. ಮೊದಲು ಹ್ಯಾಂಗರ್ ನೇರವಿದೆಯೇ ಎಂದು ಗೇಜ್ ಹಾಕಿ ನೋಡಬೇಕು. ಬಾಗಿದ ಹ್ಯಾಂಗರ್ ಅನ್ನು ಆಪ್‌ನ ಸೂಕ್ಷ್ಮ ಹೊಂದಾಣಿಕೆಯಿಂದ ಸರಿಪಡಿಸಲು ಹೊರಟರೆ ಕ್ಯಾಸೆಟ್‌ನ ಒಂದು ತುದಿ ಸರಿಹೋದಾಗ ಇನ್ನೊಂದು ತುದಿ ಕೆಡುತ್ತದೆ. ವಾರಗಟ್ಟಲೆ ಗೇರ್ ಹೊಂದಿಸುತ್ತಾ ಕೂತವರ ಬೈಕ್‌ಗಳಲ್ಲಿ ನಾನು ಕಂಡ ಮೂಲ ದೋಷ ಬಹುತೇಕ ಇದೇ.

ಆಮೇಲೆ ಹಿಂಬದಿ ಡಿರೇಲರ್ ಅನ್ನು ಕೈಪಿಡಿಯ ಬಿಗಿತಕ್ಕೆ, ಶಿಮಾನೊ ಆದರೆ 8ರಿಂದ 10 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಕ್ಯಾಸೆಟ್ ಲಾಕ್‌ರಿಂಗ್ 40ಕ್ಕೆ, ಶಿಮಾನೊ ಎಡ ಕ್ರ್ಯಾಂಕ್‌ನ ಎರಡು ಬೋಲ್ಟ್‌ಗಳು ಒಂದಾದ ಮೇಲೊಂದು 12ರಿಂದ 14ಕ್ಕೆ, ಸ್ರ್ಯಾಮ್ ಡಬ್ ಕ್ರ್ಯಾಂಕ್ 54ಕ್ಕೆ ಬರಬೇಕು. ನಂತರ ಕೈಪಿಡಿಯ ಪಟ್ಟಿಯಂತೆ ಚೈನ್ ಉದ್ದ ಅಳೆದು ಕತ್ತರಿಸಿ. ಹಳೆಯ ಚೈನ್‌ನ ಕೊಂಡಿಗಳನ್ನು ಎಣಿಸಿ ಹೊಸದನ್ನು ಕತ್ತರಿಸಬೇಡಿ, ಕ್ಯಾಸೆಟ್ ಬದಲಾಗಿದೆ. ಎಲ್ಲ ಯಾಂತ್ರಿಕ ಕೆಲಸ ಮುಗಿದ ಮೇಲೆಯೇ ಬ್ಯಾಟರಿ ತುಂಬಿಸಿ, ಲಿವರ್‌ಗಳನ್ನು ಡಿರೇಲರ್‌ಗೆ ಜೋಡಿಮಾಡಿ, ಡಿರೇಲರ್ ಎಷ್ಟು ದೂರ ಸರಿಯಬಹುದೆಂದು ನಿಗದಿಪಡಿಸುವ ಮಿತಿ ಸ್ಕ್ರೂಗಳನ್ನು ನೋಡಿ, ಕೊನೆಗೆ ಸೂಕ್ಷ್ಮ ಹೊಂದಾಣಿಕೆ ಮಾಡಿ.

ಫರ್ಮ್‌ವೇರ್ ನವೀಕರಣವನ್ನು ಈ ಹಂತದಲ್ಲೇ ಮಾಡಿಕೊಳ್ಳಿ. ವೈರ್‌ಲೆಸ್ ಸಂಕೇತವನ್ನು ಹಿಡಿದಿಟ್ಟು ಮರುಪ್ರಸಾರ ಮಾಡಿ ಗೇರ್ ಬದಲಿಸಬಹುದೆಂದು ಸಂಶೋಧಕರು 2024ರಲ್ಲಿ ಡಿಐ2 ಮೇಲೆ ತೋರಿಸಿದ ಬಳಿಕ ಶಿಮಾನೊ ಅದಕ್ಕೆ ಪರಿಹಾರವಾಗಿ ನವೀಕರಣ ಹೊರತಂದಿತು. ಗೋದಾಮಿನಲ್ಲಿ ಬಹುಕಾಲ ಇದ್ದ ಸೆಟ್‌ನಲ್ಲಿ ಹಳೆಯ ಆವೃತ್ತಿಯೇ ಇರಬಹುದು. ನವೀಕರಣ ನಡೆಯುವಾಗ ಬ್ಯಾಟರಿ ತುಂಬಿರಲಿ, ಆಪ್ ಮುಚ್ಚಬೇಡಿ, ಫೋನ್ ದೂರ ಒಯ್ಯಬೇಡಿ.

ಮೊದಲ ಸವಾರಿ ಮನೆಯ ಸುತ್ತ ಹತ್ತು ಕಿಲೋಮೀಟರ್ ಮೀರದಿರಲಿ. ತುಳಿಯುತ್ತಲೇ ಎಲ್ಲ ಗೇರ್‌ಗಳನ್ನು ಮೇಲೂ ಕೆಳಗೂ ಬದಲಿಸಿ. ಅತಿ ದೊಡ್ಡ ಹಲ್ಲುಚಕ್ರಕ್ಕೆ ಹೋದಾಗ ಡಿರೇಲರ್‌ನ ಪಂಜರ ಕಡ್ಡಿಗಳಿಗೆ ತಾಗುವಂಥ ಸದ್ದು ಬಂದರೆ ಆ ಕ್ಷಣವೇ ನಿಲ್ಲಿಸಿ, ತಳ್ಳಿಕೊಂಡೇ ಮನೆಗೆ ಬನ್ನಿ. ಒಂದು ತುಳಿತ ಹೆಚ್ಚಾದರೂ ಡಿರೇಲರ್, ಹ್ಯಾಂಗರ್, ಕಡ್ಡಿಗಳು ಒಟ್ಟಿಗೆ ಹೋಗಬಹುದು. ಒತ್ತಿದಾಗ ಮೋಟಾರ್ ಸದ್ದು ಬಂದೂ ಚೈನ್ ಏರದಿದ್ದರೆ ಹೊಂದಾಣಿಕೆಯ ದೋಷ. ಸದ್ದೇ ಬಾರದಿದ್ದರೆ ಚಾರ್ಜ್, ಲಿವರ್ ಸೆಲ್, ಶಿಮಾನೊ ಆದರೆ ತಂತಿಯ ತುದಿ ಪೂರ್ತಿ ಒಳಹೊಕ್ಕಿದೆಯೇ ಎಂಬುದು, ಈ ಕ್ರಮದಲ್ಲಿ ನೋಡಿ. ಬಿದ್ದ ನಂತರ ಗೇರ್ ಬದಲಾಗದಿದ್ದರೆ ಡಿರೇಲರ್ ತನ್ನನ್ನು ಉಳಿಸಿಕೊಳ್ಳಲು ಕೈಬಿಟ್ಟಿರಬಹುದು, ಹ್ಯಾಂಗರ್ ಬಾಗಿದೆಯೇ ಎಂದು ನೋಡಿದ ಮೇಲಷ್ಟೇ ಕೈಪಿಡಿಯಂತೆ ಅದನ್ನು ಮರುಸ್ಥಾಪಿಸಿ.

ಎರಡು ವಾರದ ಬಳಿಕ ಬೋಲ್ಟ್‌ಗಳ ಬಿಗಿತವನ್ನು ಮತ್ತೊಮ್ಮೆ ಅಳೆಯಿರಿ. ಅಲ್ಲಿಂದ ಮುಂದೆ 500 ಕಿಲೋಮೀಟರ್‌ಗೊಮ್ಮೆ ಚೈನ್ ಸವೆತ ಅಳೆದು, ಶೇ. 0.5 ದಾಟಿದ ಕೂಡಲೇ ಚೈನ್ ಬದಲಿಸಿ. ತಡಮಾಡಿದರೆ ಕ್ಯಾಸೆಟ್ ಕೂಡ ಬದಲಿಸಬೇಕಾಗುತ್ತದೆ, ಈ ಶ್ರೇಣಿಯಲ್ಲಿ ಅದರ ಬೆಲೆ ಚೈನ್‌ನ ಬೆಲೆಯ ಹಲವು ಪಟ್ಟು.